ಒಂದೇ ಅಂಗಡಿಯ ಊರು

ಅಂಗಡಿಯ ವಿಷಯದಲ್ಲಿ ನಾವು ಭಾಗ್ಯವಂತರು. ಮನೆಯಲ್ಲಿ ಬೇಳೆ ಮುಗಿದರೆ ಮಗುವಿನ ಕೈಗೆ ಚೀಲ ಕೊಟ್ಟು ಕಳುಹಿಸುತ್ತೇವೆ. ಒಂದು ಅಂಗಡಿಯಲ್ಲಿ ಸಿಗದಿದ್ದರೆ ಎದುರಿನ ಅಂಗಡಿಯಲ್ಲಿ ಸಿಗುತ್ತದೆ. ಅಲ್ಲಿಯ ದರ ಹೆಚ್ಚೆನಿಸಿದರೆ ಸಂತೆಯ ದಿನದವರೆಗೆ ಕಾಯುತ್ತೇವೆ. ಈ ಮೂರೂ ದಾರಿಗಳಿಲ್ಲದ ಊರು ಹೇಗಿರಬಹುದು? ಅಲ್ಲಿ ಅಂಗಡಿ ಒಂದೇ. ಅದರ ಬಾಗಿಲು ಮುಚ್ಚಿದರೆ ಮುಂದಿನ ಅಂಗಡಿಗೆ ವಿಮಾನವೇರಿ ಹೋಗಬೇಕು. ಕೆನಡಾ ದೇಶದ ಉತ್ತರ ಭಾಗದಲ್ಲಿ ಡೆನೆ ಎಂಬ ಮೂಲನಿವಾಸಿ ಜನಾಂಗದ ಹಲವು ಹಳ್ಳಿಗಳು ಇಂಥವೇ. ಅಲ್ಲಿ ಅಂಗಡಿಯು ಕೊಡುಕೊಳ್ಳುವ ಸ್ಥಳವಾಗಿ ಮಾತ್ರ ಉಳಿದಿಲ್ಲ. ಊರುಗಳು ಎಲ್ಲಿ ಹುಟ್ಟಬೇಕು, ಯಾವುದು ಉಳಿಯಬೇಕು, ಯಾವುದು ಅಳಿಯಬೇಕು ಎಂಬುದರಲ್ಲೂ ಅದರ ಕೈ ಇದೆ.

ಡೆನೆ ಎಂದರೆ ಅವರ ನುಡಿಯಲ್ಲಿ ‘ಜನ’ ಎಂದೇ ಅರ್ಥ. ಹಡ್ಸನ್ ಕೊಲ್ಲಿಯ ಪಶ್ಚಿಮದ ಕಾಡುಗಳಿಂದ ಹಿಡಿದು ಮೆಕೆಂಜಿ ನದಿಯ ಕಣಿವೆಯವರೆಗೆ ಹಬ್ಬಿದ ವಿಶಾಲವಾದ ನಾಡು ಅವರದು. ಚಿಪೆವಯಾನ್, ಸಹ್ತು, ತ್ಲಿಚೋ, ಗ್ವಿಚಿನ್, ಸಯಿಸಿ ಮೊದಲಾದ ಹಲವು ಪಂಗಡಗಳು ಅವರಲ್ಲುಂಟು. ದೂರದ ಅಮೆರಿಕದ ಮರುಭೂಮಿಯಲ್ಲಿ ವಾಸಿಸುವ ನವಾಹೊ ಜನರ ಭಾಷೆಯೂ ಇದೇ ಭಾಷಾಕುಟುಂಬಕ್ಕೆ ಸೇರಿದೆ ಎಂಬುದು ಸೋಜಿಗದ ಸಂಗತಿ. ಮೆಕೆಂಜಿ ಎಂಬುದು 1789ರಲ್ಲಿ ಆ ನದಿಯಗುಂಟ ಉತ್ತರ ಸಾಗರವನ್ನು ಮುಟ್ಟಿದ ತುಪ್ಪಳ ವ್ಯಾಪಾರಿಯೊಬ್ಬನ ಹೆಸರು. ಡೆನೆಯರು ಅದನ್ನು ‘ದೆಹ್ ಚೋ’, ಅಂದರೆ ಹಿರಿಹೊಳೆ ಎಂದು ಕರೆಯುತ್ತಾರೆ. ನಕಾಶೆಯಲ್ಲಿ ಉಳಿದದ್ದು ವ್ಯಾಪಾರಿಯ ಹೆಸರು.

ಇಂಥ ಹಳ್ಳಿಯ ಅಂಗಡಿ ಸಾಮಾನ್ಯವಾಗಿ ಊರಿನ ದೊಡ್ಡ ಕಟ್ಟಡಗಳಲ್ಲಿ ಒಂದಾಗಿರುತ್ತದೆ. ಹಾಲು, ಮೊಟ್ಟೆ, ಹಿಟ್ಟು, ಸಕ್ಕರೆ, ಚಹಾಪುಡಿಗಳ ಪಕ್ಕದಲ್ಲಿಯೇ ಬೇಟೆಯ ಮದ್ದುಗುಂಡು, ಮೀನಿನ ಬಲೆ, ಮಕ್ಕಳ ಬೂಟು, ಹಿಮದ ಮೇಲೆ ಓಡುವ ಸ್ನೋಮೊಬೈಲ್ ವಾಹನದ ಬಿಡಿಭಾಗಗಳು ಇರುತ್ತವೆ. ಬ್ಯಾಂಕು ಇಲ್ಲದ ಊರುಗಳಲ್ಲಿ ಸಂಬಳದ ಚೆಕ್ಕನ್ನು ನಗದು ಮಾಡಿಕೊಡುವುದೂ ಅಂಗಡಿಯೇ. ಎಷ್ಟೋ ಕಡೆ ಅಂಚೆಯೂ ಅದೇ ಸೂರಿನಡಿಯಲ್ಲಿದೆ. ಸರ್ಕಾರಿ ಕೆಲಸಗಳನ್ನು ಬಿಟ್ಟರೆ ಊರಿನ ಹುಡುಗ ಹುಡುಗಿಯರಿಗೆ ದೊರೆಯುವ ಕೆಲವೇ ಉದ್ಯೋಗಗಳಲ್ಲಿ ಅಂಗಡಿಯ ಕೆಲಸವೂ ಒಂದು. ಮೈನಸ್ ಮೂವತ್ತು, ನಲವತ್ತು ಡಿಗ್ರಿಗಳ ಚಳಿಯಲ್ಲಿ ಊರವರು ಒಬ್ಬರನ್ನೊಬ್ಬರು ನೋಡಿ ನಾಲ್ಕು ಮಾತನಾಡುವುದೂ ಅಲ್ಲಿಯೇ.

ಸಾಮಾನು ಬರುವ ಬಗೆಯನ್ನು ತಿಳಿದರೆ ಅದರ ಬೆಲೆಯೂ ಅರ್ಥವಾಗುತ್ತದೆ. ಈ ಹಳ್ಳಿಗಳಲ್ಲಿ ಹಲವಕ್ಕೆ ವರ್ಷವಿಡೀ ತೆರೆದಿರುವ ರಸ್ತೆಯಿಲ್ಲ. ಚಳಿಗಾಲದಲ್ಲಿ ಸರೋವರಗಳು ಆಳಕ್ಕೆ ಹೆಪ್ಪುಗಟ್ಟಿದಾಗ ಆ ಮಂಜುಗಡ್ಡೆಯ ಮೇಲೆಯೇ ರಸ್ತೆ ಮಾಡುತ್ತಾರೆ. ಆ ಕೆಲವು ವಾರಗಳಲ್ಲಿ ಲಾರಿಗಳು ಓಡಿ ಹಿಟ್ಟು, ಡೀಸೆಲ್, ಮರಮುಟ್ಟು ಮೊದಲಾದ ಭಾರವಾದ ಸಾಮಗ್ರಿಯನ್ನು ವರ್ಷಕ್ಕಾಗುವಷ್ಟು ತಂದು ಹಾಕಬೇಕು. ನದಿ ಅಥವಾ ದೊಡ್ಡ ಸರೋವರದ ದಡದ ಊರುಗಳಿಗೆ ಬೇಸಿಗೆಯಲ್ಲಿ ದೋಣಿಸರಕು ಬರುತ್ತದೆ. ಉಳಿದ ದಿನಗಳಲ್ಲಿ ವಿಮಾನವೇ ಗತಿ. ಹಾಲು, ಹಣ್ಣು, ಕಾಯಿಪಲ್ಯೆ ಇವು ಕಾಯಲಾರದ ವಸ್ತುಗಳು, ಅವು ವಿಮಾನದಲ್ಲಿಯೇ ಬರಬೇಕು. ಮಂಜು ಮುಸುಕಿ ವಿಮಾನ ಇಳಿಯದೆ ಹೋದರೆ ಅಂಗಡಿಯ ಆ ಕಪಾಟು ಬರಿದಾಗುತ್ತದೆ.

ಬೀವರ್ ತೊಗಲೇ ನಾಣ್ಯ

ಈ ಅಂಗಡಿಗಳ ಮೂಲ ಮುನ್ನೂರೈವತ್ತು ವರ್ಷಗಳಷ್ಟು ಹಿಂದಿನದು. 1670ರ ಮೇ 2ರಂದು ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಯು ಹಡ್ಸನ್ಸ್ ಬೇ ಕಂಪನಿಗೆ ಸನ್ನದು ನೀಡಿದನು. ಹಡ್ಸನ್ ಕೊಲ್ಲಿಗೆ ನೀರು ಹರಿದು ಸೇರುವ ಸಮಸ್ತ ಭೂಮಿಯ ವ್ಯಾಪಾರದ ಹಕ್ಕು ಒಂದು ಕಾಗದದಿಂದ ಲಂಡನ್ನಿನ ಕೆಲವು ಶ್ರೀಮಂತರ ಪಾಲಾಯಿತು. ಅಲ್ಲಿ ವಾಸವಾಗಿದ್ದವರನ್ನು ಯಾರೂ ಕೇಳಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಚರಿತ್ರೆಯನ್ನು ಓದಿರುವ ನಮಗೆ ಈ ರೀತಿ ಹೊಸತೇನೂ ಅಲ್ಲ.

ಯುರೋಪಿನಲ್ಲಿ ಆಗ ಟೊಪ್ಪಿಗೆಗಳನ್ನು ಬೀವರ್ ಎಂಬ ಪ್ರಾಣಿಯ ತುಪ್ಪಳದಿಂದ ಮಾಡುತ್ತಿದ್ದರು. ಹೊಳೆಗೆ ಅಡ್ಡಲಾಗಿ ಕಡ್ಡಿ ಕೊಂಬೆಗಳ ಒಡ್ಡು ಕಟ್ಟಿ ಬಾಳುವ ಈ ಪ್ರಾಣಿಯ ಒಂದು ಉತ್ತಮ ತೊಗಲೇ ಕಂಪನಿಯ ವ್ಯಾಪಾರದ ಅಳತೆಗೋಲಾಯಿತು. ಬಂದೂಕಿಗೆ ಇಷ್ಟು ತೊಗಲು, ಕಂಬಳಿಗೆ ಇಷ್ಟು, ಪಾತ್ರೆಗೆ ಇಷ್ಟು ಎಂದು ಪಟ್ಟಿ ಮಾಡಿದರು. ಮುಂದೆ ಅದೇ ಲೆಕ್ಕದಲ್ಲಿ ಹಿತ್ತಾಳೆಯ ಬಿಲ್ಲೆಗಳೂ ಬಂದವು. ಪಟ್ಟಿಯನ್ನು ಮಾಡುವವನು ಅಂಗಡಿಯವನೇ, ತೂಗುವವನೂ ಅವನೇ.

ಆದರೂ ಡೆನೆಯರು ಆರಂಭದಲ್ಲಿ ಕೈಚಾಚಿ ನಿಂತವರಲ್ಲ. ಈ ಮಾತಿಗೆ ಥಾನಡೆಲ್ಥರ್ ಎಂಬ ತರುಣಿಯ ಕಥೆಯೇ ಸಾಕ್ಷಿ. ಚಿಪೆವಯಾನ್ ಪಂಗಡದ ಆಕೆಯನ್ನು 1713ರಲ್ಲಿ ಕ್ರೀ ಜನರು ಸೆರೆಹಿಡಿದು ಒಯ್ದಿದ್ದರು. ಆಕೆ ತಪ್ಪಿಸಿಕೊಂಡು, ಹಸಿವಿನಿಂದ ಬಳಲುತ್ತ, 1714ರಲ್ಲಿ ಯಾರ್ಕ್ ಫ್ಯಾಕ್ಟರಿ ಎಂಬ ಕಂಪನಿಯ ಕೋಠಿಯನ್ನು ತಲುಪಿದಳು. ಅಲ್ಲಿನ ಗವರ್ನರ್ ಜೇಮ್ಸ್ ನೈಟ್‌ನಿಗೆ ತನ್ನ ಜನರ ನಾಡಿನ ವಿಷಯ ತಿಳಿಸಿದವಳು ಆಕೆಯೇ. ಕ್ರೀ ಮತ್ತು ಡೆನೆ ಜನರ ನಡುವೆ ಹಳೆಯ ಹಗೆತನವಿದ್ದು, ಅದು ಶಾಂತವಾಗದ ಹೊರತು ವ್ಯಾಪಾರ ಸಾಧ್ಯವಿರಲಿಲ್ಲ. 1715ರ ಬೇಸಿಗೆಯಲ್ಲಿ ಕಂಪನಿಯ ವಿಲಿಯಂ ಸ್ಟುವರ್ಟ್ ಎಂಬುವನೊಡನೆ, ನೂರೈವತ್ತರಷ್ಟು ಕ್ರೀ ಜನರ ತಂಡದಲ್ಲಿ, ಆಕೆ ಹೊರಟಳು. ದಾರಿಯಲ್ಲಿ ಬೇಟೆ ಸಿಗದೆ ತಂಡ ಒಡೆದು ಹೋಯಿತು. ಉಳಿದ ಕೆಲವರನ್ನು ಒಂದೆಡೆ ನಿಲ್ಲಿಸಿ, ತಾನೊಬ್ಬಳೇ ಮುಂದೆ ಹೋಗಿ ತನ್ನ ಜನರನ್ನು ಹುಡುಕಿ, ಒಪ್ಪಿಸಿ ಕರೆತಂದಳು. 1716ರಲ್ಲಿ ಸಂಧಾನವನ್ನು ಪೂರೈಸಿ ಕೋಠಿಗೆ ಮರಳಿದಳು. 1717ರ ಫೆಬ್ರುವರಿ 5ರಂದು ಕಾಯಿಲೆಯಿಂದ ತೀರಿಕೊಂಡಾಗ ಆಕೆ ಇನ್ನೂ ತರುಣಿ. ಆ ವರ್ಷವೇ ಡೆನೆಯರೊಡನೆ ವ್ಯಾಪಾರಕ್ಕಾಗಿ ಚರ್ಚಿಲ್ ನದಿಯ ಮುಖದಲ್ಲಿ ಕಂಪನಿಯ ಹೊಸ ಕೋಠಿ ಎದ್ದಿತು. ಡೆನೆಯರಿಗೆಂದೇ ತೆರೆದ ಆ ಮೊದಲ ಅಂಗಡಿಯ ಅಡಿಗಲ್ಲು ಒಬ್ಬ ಹೆಣ್ಣುಮಗಳ ಕಾಲ್ನಡಿಗೆಯ ಫಲ ಎಂದರೆ ಅತಿಶಯೋಕ್ತಿಯಾಗದು. ಇಂದು ಕೆನಡಾದ ಸರ್ಕಾರವೂ ಆಕೆಯನ್ನು ರಾಷ್ಟ್ರೀಯ ಐತಿಹಾಸಿಕ ವ್ಯಕ್ತಿಯೆಂದು ಗೌರವಿಸಿದೆ.

ಕಾಲ ಸರಿದಂತೆ ಕೋಠಿಗಳು ಒಳನಾಡಿಗೆ ಹಬ್ಬಿದವು. ಮಾಂಟ್ರಿಯಲ್ಲಿನ ನಾರ್ತ್ ವೆಸ್ಟ್ ಕಂಪನಿ ಪೈಪೋಟಿಗೆ ನಿಂತಿತು. ಇಬ್ಬರು ಅಂಗಡಿಕಾರರ ಸ್ಪರ್ಧೆ ಇದ್ದಷ್ಟು ದಿನ ಬೇಟೆಗಾರನ ಮಾತಿಗೂ ಬೆಲೆಯಿತ್ತು. 1821ರಲ್ಲಿ ಎರಡೂ ಕಂಪನಿಗಳು ಒಂದಾದ ಮೇಲೆ ಆ ಅನುಕೂಲವೂ ಹೋಯಿತು.

ಉದ್ರಿಯ ವಹಿವಾಟಿನ ವಿಷಯ ನಮ್ಮ ಓದುಗರಿಗೆ ಬಹಳ ವಿವರಿಸಬೇಕಾಗಿಲ್ಲ. ಚಳಿಗಾಲ ಬರುವ ಮುನ್ನ ಬೇಟೆಗಾರನು ಅಂಗಡಿಯಿಂದ ಹಿಟ್ಟು, ಚಹಾ, ಮದ್ದುಗುಂಡು, ಬೋನುಗಳನ್ನು ಸಾಲವಾಗಿ ಒಯ್ಯುತ್ತಿದ್ದನು. ವಸಂತದಲ್ಲಿ ತೊಗಲುಗಳನ್ನು ತಂದು ತೀರಿಸುತ್ತಿದ್ದನು. ತುಪ್ಪಳದ ಬೆಲೆ ಲಂಡನ್ನಿನಲ್ಲಿ ಬಿದ್ದರೆ ಇಲ್ಲಿ ಸಾಲ ಉಳಿಯುತ್ತಿತ್ತು. ಆದರೂ ಈ ಸಂಬಂಧವನ್ನು ಬರಿಯ ಸುಲಿಗೆಯೆಂದು ತಳ್ಳಿಹಾಕಲಾಗದು. ಸ್ಕಾಟ್ಲೆಂಡಿನಿಂದಲೂ ಅದರ ಉತ್ತರದ ಆರ್ಕ್ನಿ ದ್ವೀಪಗಳಿಂದಲೂ ಬಂದ ಎಳೆಯ ಗುಮಾಸ್ತರು ಅನೇಕರು ಆ ನುಡಿಯನ್ನು ಕಲಿತರು, ಅಲ್ಲಿಯೇ ಮದುವೆಯಾದರು. ಬೇಟೆ ತಪ್ಪಿದ ವರ್ಷ ಉದ್ರಿಯನ್ನು ಮುಂದುವರಿಸಿದ ಅಂಗಡಿಯವನು ಒಂದು ಮನೆತನವನ್ನೇ ಉಳಿಸಿದ್ದುಂಟು. ಲಾಭದ ಲೆಕ್ಕವೂ ಮನುಷ್ಯರ ಒಡನಾಟವೂ ಒಂದೇ ಕಟ್ಟೆಯ ಮೇಲೆ ನಡೆಯುತ್ತಿದ್ದವು.

ಅಂಗಡಿ ಮುಚ್ಚಿದಾಗ

ಸಯಿಸಿ ಡೆನೆಯರು ಈ ಜನಾಂಗದ ಪೂರ್ವದ ಪಂಗಡ. ಮ್ಯಾನಿಟೋಬಾ ಪ್ರಾಂತ್ಯದ ಉತ್ತರ ತುದಿಯಲ್ಲಿ, ಕಾಡು ಮುಗಿದು ಬಯಲು ಆರಂಭವಾಗುವ ಎಡೆಯಲ್ಲಿ, ಕ್ಯಾರಿಬೂ ಎಂಬ ಹಿಮಸಾರಂಗದ ಹಿಂಡುಗಳನ್ನು ಅನುಸರಿಸಿ ಬಾಳಿದವರು. ಮಾಂಸ, ಉಡುಪು, ಗುಡಾರ, ಸೂಜಿ ನೂಲು ಎಲ್ಲವೂ ಅವರಿಗೆ ಆ ಪ್ರಾಣಿಯಿಂದಲೇ. ನಮ್ಮಲ್ಲಿ ಅನೇಕ ಮನೆಗಳು ಸಸ್ಯಾಹಾರದವು, ಓದುಗರಿಗೆ ಇದು ಕಠಿಣವೆನಿಸಬಹುದು. ಆದರೆ ಧಾನ್ಯ ಬೆಳೆಯದ, ವರ್ಷದ ಬಹುಭಾಗ ಹಿಮ ಕವಿದಿರುವ ನೆಲದಲ್ಲಿ ಬದುಕಿಗೆ ಬೇರೆ ಆಧಾರವಿಲ್ಲ. 1910ರಲ್ಲಿ ಇವರು ಸರ್ಕಾರದೊಡನೆ ಐದನೆಯ ಒಪ್ಪಂದಕ್ಕೆ ಸೇರಿದರು. ಮುಂದೆ ಲಿಟಲ್ ಡಕ್ ಲೇಕ್ ಎಂಬ ಸರೋವರದ ಬಳಿ ಕಂಪನಿಯ ಅಂಗಡಿಯಿದ್ದು, ಅದರ ಸುತ್ತ ಬಂದು ಹೋಗುತ್ತ, ಬೇಟೆಯಲ್ಲಿ ಸ್ವತಂತ್ರರಾಗಿ, ಮದ್ದುಗುಂಡು ಚಹಾ ಹಿಟ್ಟುಗಳಿಗೆ ಮಾತ್ರ ಅಂಗಡಿಯನ್ನು ಅವಲಂಬಿಸಿ ಇದ್ದರು.

ಎರಡನೆಯ ಮಹಾಯುದ್ಧದ ಬಳಿಕ ತುಪ್ಪಳದ ಮಾರುಕಟ್ಟೆ ಕುಸಿಯಿತು. ಡಕ್ ಲೇಕ್ ಅಂಗಡಿ ಲಾಭದಾಯಕವಲ್ಲವೆಂದು ಕಂಪನಿ 1956ರಲ್ಲಿ ಅದನ್ನು ಮುಚ್ಚಿತು. ಅದೇ ಕಾಲಕ್ಕೆ, ಕ್ಯಾರಿಬೂ ಹಿಂಡುಗಳು ಕ್ಷೀಣಿಸಲು ಡೆನೆಯರ ಬೇಟೆಯೇ ಕಾರಣವೆಂದು ಅಧಿಕಾರಿಗಳು ನಂಬಿದ್ದರು. ಚಳಿಗಾಲದ ಆಹಾರಕ್ಕಾಗಿ ಕೂಡಿಟ್ಟ ಬೇಟೆಯ ಚಿತ್ರಗಳು ದುಂದುಗಾರಿಕೆಯ ಪುರಾವೆಗಳಾಗಿ ಕಂಡವು. ಆ ನಂಬಿಕೆ ತಪ್ಪೆಂದು ಮುಂದೆ ಸರ್ಕಾರವೇ ಒಪ್ಪಿಕೊಂಡಿತು. ಒಂದು ಕಡೆ ಅಂಗಡಿಯಿಲ್ಲ, ಇನ್ನೊಂದು ಕಡೆ ಬೇಟೆಯ ಮೇಲೆ ಆಪಾದನೆ. ಅಂಗಡಿಯೇ ಇಲ್ಲದ ಮೇಲೆ ಈ ಜನರನ್ನು ಅಲ್ಲಿ ಇಟ್ಟುಕೊಂಡು ಏನು ಮಾಡುವುದು ಎಂಬ ಕಚೇರಿಯ ತರ್ಕಕ್ಕೆ ದಾರಿ ಸುಗಮವಾಯಿತು.

1956ರ ಆಗಸ್ಟಿನಲ್ಲಿ ಸರ್ಕಾರದ ವಿಮಾನ ಬಂದಿಳಿಯಿತು. ಕೈಯಲ್ಲಿ ಹಿಡಿಸಿದಷ್ಟನ್ನು ತೆಗೆದುಕೊಂಡು ಕುಟುಂಬಗಳು ಹತ್ತಿದವು. ದೋಣಿಗಳು, ಬೋನುಗಳು, ಜಾರುಬಂಡಿಗಳು ಹಿಂದೆ ಉಳಿದವು. ಅವರನ್ನು ಇಳಿಸಿದ್ದು ಹಡ್ಸನ್ ಕೊಲ್ಲಿಯ ದಡದ ಚರ್ಚಿಲ್ ಎಂಬ ಬಂದರು ಪಟ್ಟಣದ ಹೊರವಲಯದಲ್ಲಿ. ಅಲ್ಲಿ ಅವರಿಗಾಗಿ ಮನೆಗಳು ಸಿದ್ಧವಿರಲಿಲ್ಲ, ಬೇಟೆಯ ನೆಲವಿರಲಿಲ್ಲ, ಉದ್ಯೋಗವೂ ಇರಲಿಲ್ಲ. ಕೆಲ ವರ್ಷಗಳ ನಂತರ ಸ್ಮಶಾನದ ಪಕ್ಕದಲ್ಲಿ ಕಟ್ಟಿದ ಸಣ್ಣ ಗುಡಿಸಲುಗಳ ಶಿಬಿರಕ್ಕೆ ಅವರನ್ನು ಒಯ್ದರು. ಅದಕ್ಕೆ ಕ್ಯಾಂಪ್ 10 ಎಂಬ ಹೆಸರು. ಪಟ್ಟಣದಲ್ಲಿ ಅಂಗಡಿಗಳೇನೋ ಬೇಕಾದಷ್ಟಿದ್ದವು. ಕೊಳ್ಳಲು ಕಾಸಿರಲಿಲ್ಲ. ಮಕ್ಕಳು ಪಟ್ಟಣದ ಕಸದ ತಿಪ್ಪೆಯಲ್ಲಿ ತಿನಿಸು ಹುಡುಕಿದರು. ಮದ್ಯ, ಬೆಂಕಿ ಅಪಘಾತ, ಚಳಿ, ರೋಗ, ಹಿಂಸೆ ಇವುಗಳಿಗೆ ಬಲಿಯಾದವರ ಸಂಖ್ಯೆ ನೂರನ್ನು ಮೀರಿತು. ಜನಾಂಗದ ಮೂರರಲ್ಲೊಂದು ಪಾಲು ಹೀಗೆ ನಶಿಸಿತೆಂದು ಹೇಳುತ್ತಾರೆ. ಆ ಪಂಗಡದವರೇ ಆದ ಇಲಾ ಬಸಿಡೋರ್ ಅವರು ಮತ್ತೊಬ್ಬ ಲೇಖಕಿಯೊಡನೆ 1997ರಲ್ಲಿ ಪ್ರಕಟಿಸಿದ ‘ನೈಟ್ ಸ್ಪಿರಿಟ್ಸ್’ ಎಂಬ ಗ್ರಂಥದಲ್ಲಿ ಈ ವರ್ಷಗಳ ವಿವರಗಳಿವೆ.

ಅಂಗಡಿ ಮುಚ್ಚಿದ್ದರಿಂದಲೇ ಇಷ್ಟೆಲ್ಲ ಆಯಿತೆಂದರೆ ಸರ್ಕಾರದ ಹೊಣೆಯನ್ನು ಹಗುರ ಮಾಡಿದಂತಾದೀತು. ಆದರೂ ಒಂದು ಮಾತನ್ನು ಯೋಚಿಸಬೇಕು. ಅಂಗಡಿ ಬರುವ ಮುನ್ನ ಸಾವಿರಾರು ವರ್ಷ ಅದೇ ನೆಲದಲ್ಲಿ ಬದುಕಿದ್ದ ಜನ ಅವರು. ಎರಡು ಶತಮಾನಗಳ ವ್ಯಾಪಾರದಲ್ಲಿ ಬಿಲ್ಲು ಬಾಣ ಮರೆತು ಬಂದೂಕು ಬಂದಿತು, ಬಂದೂಕಿನ ಹಿಂದೆ ಮದ್ದುಗುಂಡಿನ ಅವಶ್ಯಕತೆ ಬಂದಿತು. ಅವಶ್ಯಕತೆಯನ್ನು ಹುಟ್ಟಿಸಿದವನು, ಲೆಕ್ಕ ಸರಿಹೋಗದಿದ್ದಾಗ ಬಾಗಿಲೆಳೆದುಕೊಂಡು ಹೊರಟುಹೋದನು. ವ್ಯಾಪಾರದ ನಿಯಮದಲ್ಲಿ ಇದು ತಪ್ಪಲ್ಲದಿರಬಹುದು. ನಿಯಮವೇ ಸಾಲದೆಂದು ನನಗೆ ಅನ್ನಿಸುತ್ತದೆ.

ಉಳಿದವರು ಎದೆಗುಂದಲಿಲ್ಲ. ಕೆಲವು ಕುಟುಂಬಗಳು ಚರ್ಚಿಲ್ ಬಿಟ್ಟು ಮತ್ತೆ ಒಳನಾಡಿನತ್ತ ನಡೆದವು. 1973ರಲ್ಲಿ ಟಡೂಲ್ ಸರೋವರದ ದಡದಲ್ಲಿ ತಮ್ಮ ಕೈಯಿಂದಲೇ ಹೊಸ ಊರನ್ನು ಕಟ್ಟಿಕೊಂಡರು. ವಿನ್ನಿಪೆಗ್ ನಗರದಿಂದ ಉತ್ತರಕ್ಕೆ ಸುಮಾರು ಸಾವಿರ ಕಿಲೋಮೀಟರ್ ದೂರದ ಈ ಊರಿಗೆ ಇಂದಿಗೂ ವಿಮಾನ ಮತ್ತು ಚಳಿಗಾಲದ ಮಂಜಿನ ರಸ್ತೆಯೇ ದಾರಿ. ಮ್ಯಾನಿಟೋಬಾ ಪ್ರಾಂತ್ಯವು 2010ರಲ್ಲಿ ಕ್ಷಮೆ ಕೇಳಿತು. ಕೇಂದ್ರ ಸರ್ಕಾರವು 2016ರ ಆಗಸ್ಟಿನಲ್ಲಿ, ಆ ವಿಮಾನ ಬಂದು ಸರಿಯಾಗಿ ಅರವತ್ತು ವರ್ಷಗಳಾದ ಮೇಲೆ, ಟಡೂಲ್ ಲೇಕ್‌ಗೆ ಬಂದು ಕ್ಷಮೆ ಕೋರಿ 3 ಕೋಟಿ 36 ಲಕ್ಷ ಡಾಲರುಗಳ ಪರಿಹಾರ ನಿಧಿಯನ್ನು ಒಪ್ಪಿಕೊಂಡಿತು.

ಬೆಲೆಯ ಮಾತು

ಈಗಿನ ಕಾಲದ ದೂರು ಬೆಲೆಯದು. ದಕ್ಷಿಣದ ನಗರದ ಗೃಹಿಣಿ ಕೊಡುವ ಬೆಲೆಯ ಎರಡು ಪಟ್ಟು, ಕೆಲವು ವಸ್ತುಗಳಿಗೆ ಅದಕ್ಕೂ ಹೆಚ್ಚು, ಈ ಹಳ್ಳಿಗಳ ತಾಯಿ ಹಾಲಿಗೂ ಹಣ್ಣಿಗೂ ಕೊಡಬೇಕಾಗುತ್ತದೆ. ವಿಮಾನದ ಬಾಡಿಗೆ, ಅಂಗಡಿಯನ್ನು ಬೆಚ್ಚಗಿಡುವ ಇಂಧನ, ಕೆಟ್ಟುಹೋಗುವ ಸರಕು ಇವೆಲ್ಲ ಅದರಲ್ಲಿ ಸೇರಿವೆ ಎಂಬುದು ಅಂಗಡಿಯವರ ಉತ್ತರ. ಅದರಲ್ಲಿ ಸತ್ಯಾಂಶವಿದೆ. ಸರ್ಕಾರವು 2011ರ ಏಪ್ರಿಲ್ 1ರಿಂದ ನ್ಯೂಟ್ರಿಷನ್ ನಾರ್ತ್ ಕೆನಡಾ ಎಂಬ ಯೋಜನೆಯಡಿ ಪೌಷ್ಟಿಕ ಆಹಾರಕ್ಕೆ ಕಿಲೋ ಲೆಕ್ಕದಲ್ಲಿ ಸಹಾಯಧನ ಕೊಡುತ್ತಿದೆ. ಈ ಹಣ ಗ್ರಾಹಕರ ಕೈಗೆ ಬರುವುದಿಲ್ಲ. ಅದು ಅಂಗಡಿಯವರಿಗೆ ಸಲ್ಲುತ್ತದೆ, ಅವರು ಅಷ್ಟನ್ನೂ ಬೆಲೆಯಲ್ಲಿ ಇಳಿಸಬೇಕೆಂಬುದು ಷರತ್ತು. ಷರತ್ತು ಪೂರ್ಣವಾಗಿ ಪಾಲನೆಯಾಗುತ್ತಿದೆಯೇ ಎಂಬುದನ್ನು ಇಲಾಖೆ ಪರಿಶೀಲಿಸಿಯೇ ಇಲ್ಲವೆಂದು ಕೆನಡಾದ ಮಹಾಲೆಕ್ಕಪರಿಶೋಧಕರು 2014ರ ವರದಿಯಲ್ಲಿ ಹೇಳಿದರು. ಪೈಪೋಟಿಯಿಲ್ಲದ ಅಂಗಡಿಯ ಮೂಲಕ ಬಡವರಿಗೆ ನೆರವು ಮುಟ್ಟಿಸುವಾಗ ಲೆಕ್ಕ ಕೇಳುವವರು ಇರಲೇಬೇಕು.

ಈ ನಡುವೆ ಋತುಗಳೂ ಏರುಪೇರಾಗುತ್ತಿವೆ. ಚಳಿ ತಡವಾಗಿ ಬಂದು ಮಂಜಿನ ರಸ್ತೆಯ ದಿನಗಳು ಕಡಿಮೆಯಾಗುತ್ತಿವೆ. ಮೆಕೆಂಜಿ ನದಿಯಲ್ಲಿ ನೀರು ತೀರ ಇಳಿದುದರಿಂದ 2024ರಲ್ಲಿ ಸಹ್ತು ಪ್ರದೇಶದ ಊರುಗಳಿಗೆ ದೋಣಿಸರಕೇ ಬರಲಿಲ್ಲ. ನದಿಯಲ್ಲಿ ತೇಲಿ ಬರಬೇಕಾದ ಭಾರವನ್ನು ವಿಮಾನದಲ್ಲಿ ಹೊತ್ತು ತಂದರೆ ಅದರ ವೆಚ್ಚವನ್ನು ಭರಿಸುವವರು ಯಾರೆಂಬುದು ಹೇಳಬೇಕಾದ ಮಾತಲ್ಲ.

ಅಂಗಡಿಯ ಒಡೆತನವೇ ಊರವರದಾದರೆ ಹೇಗೆ ಎಂಬ ಪ್ರಶ್ನೆಗೆ ಸಹಕಾರ ಸಂಘಗಳು ಒಂದು ಉತ್ತರ. ಉತ್ತರದ ಇನುಯಿಟ್ ಜನರಲ್ಲಿ 1959ರ ಸುಮಾರಿಗೆ ಆರಂಭವಾದ ಈ ಪದ್ಧತಿ ಡೆನೆ ಹಳ್ಳಿಗಳಿಗೂ ಬಂದಿತು. ಗ್ರೇಟ್ ಸ್ಲೇವ್ ಸರೋವರದ ಪೂರ್ವ ತೋಳಿನಲ್ಲಿರುವ ಲುಟ್ಸೆಲ್ ಕೆ ಎಂಬ ಊರನ್ನು ನೋಡಿ. 1925ರಲ್ಲಿ ಕಂಪನಿ ಅಲ್ಲಿ ಅಂಗಡಿ ತೆರೆದ ಮೇಲೆ ಅದರ ಸುತ್ತ ಡೆನೆ ಕುಟುಂಬಗಳು ಕ್ರಮೇಣ ನೆಲೆಸಿದವು. ಇಂದು ಅಲ್ಲಿ ಇರುವುದು ಡೆನೆಯರ ಸಹಕಾರಿ ಅಂಗಡಿ. ಬೆಲೆ ಅಲ್ಲಿಯೂ ಅಗ್ಗವಲ್ಲ, ವಿಮಾನದ ಬಾಡಿಗೆ ಸಹಕಾರ ಸಂಘಕ್ಕೂ ಅಷ್ಟೇ. ಆದರೆ ಸದಸ್ಯರು ಸೇರಿ ಆಡಳಿತ ಮಂಡಳಿಯನ್ನು ಆರಿಸುತ್ತಾರೆ. ಲಾಭ ಉಳಿದ ವರ್ಷ ಅವರವರ ಖರೀದಿಗೆ ತಕ್ಕಂತೆ ಹಂಚಿಕೆಯಾಗುತ್ತದೆ. ಅಂಗಡಿ ಇರಬೇಕೇ ಬೇಡವೇ ಎಂಬ ನಿರ್ಧಾರ ಯಾವುದೋ ನಗರದ ಮೇಜಿನ ಮೇಲೆ ಆಗುವುದಿಲ್ಲ. ಡಕ್ ಲೇಕ್ ಕಥೆಯನ್ನು ಓದಿದವರಿಗೆ ಈ ಕೊನೆಯ ಅಂಶದ ತೂಕ ತಿಳಿದೀತು.

ಹಡ್ಸನ್ಸ್ ಬೇ ಕಂಪನಿಯ ಗತಿಯೂ ವಿಚಿತ್ರವಾಯಿತು. 1987ರಲ್ಲಿ ಅದು ತನ್ನ ಉತ್ತರದ ಅಂಗಡಿಗಳನ್ನೆಲ್ಲ ಮಾರಿಬಿಟ್ಟು ನಗರಗಳ ದೊಡ್ಡ ಮಳಿಗೆಗಳನ್ನು ಮಾತ್ರ ಇಟ್ಟುಕೊಂಡಿತು. ಕೊಂಡವರು 1990ರಲ್ಲಿ ಹಳೆಯ ಪ್ರತಿಸ್ಪರ್ಧಿಯ ಹೆಸರನ್ನೇ ತೆಗೆದುಕೊಂಡು ನಾರ್ತ್ ವೆಸ್ಟ್ ಕಂಪನಿ ಎನಿಸಿಕೊಂಡರು. ನಗರದ ಮಳಿಗೆಗಳು ಸಾಲದಲ್ಲಿ ಮುಳುಗಿ 2025ರ ಜೂನ್ 1ರಂದು ಕೊನೆಯವೂ ಬಾಗಿಲು ಹಾಕಿದವು. ಬೇಡವೆಂದು ಮಾರಿದ ಉತ್ತರದ ಅಂಗಡಿಗಳಲ್ಲಿ ಮಾತ್ರ ವ್ಯಾಪಾರ ನಡೆದೇ ಇದೆ. ಅವುಗಳ ಗಿರಾಕಿಗಳಿಗೆ ಹೋಗಲು ಬೇರೆ ಕಡೆ ಇಲ್ಲವಲ್ಲ!

ಅಂಗಡಿಯಲ್ಲಿ ಸಿಗದ ಆಹಾರವೊಂದು ಇನ್ನೂ ಡೆನೆಯರ ಮನೆಗಳಲ್ಲಿದೆ. ಮೀನು, ಕ್ಯಾರಿಬೂ, ಕಾಡಿನ ಹಣ್ಣುಗಳು. ಇವನ್ನು ತರಲು ಹೋಗುವವನೂ ಮೊದಲು ಅಂಗಡಿಗೆ ಹೋಗಿ ಪೆಟ್ರೋಲು, ಮದ್ದುಗುಂಡು ಕೊಳ್ಳಬೇಕು. ಆ ಖರ್ಚು ಬೇಟೆಗಾರನನ್ನೇ ಮನೆಯಲ್ಲಿ ಕೂರಿಸುವಂತಾದಾಗ, 2020ರಿಂದ ಸರ್ಕಾರವು ಸಹಾಯಧನದ ಒಂದು ಭಾಗವನ್ನು ಬೇಟೆ ಮೀನುಗಾರಿಕೆಗಳ ನೆರವಿಗೂ ಕೊಡತೊಡಗಿತು. ಹೀಗೆ ತಂದ ಮಾಂಸ ತೂಗುಮಾಪಿನ ಕಟ್ಟೆಗೆ ಬರುವುದಿಲ್ಲ. ಊರಿನ ಹಿರಿಯರ ಮನೆಗೆ, ದುಡಿಯುವ ಗಂಡಸಿಲ್ಲದ ಮನೆಗೆ, ನೆಂಟರ ಮನೆಗೆ ಪಾಲಾಗಿ ಹೋಗುತ್ತದೆ, ಲೆಕ್ಕ ಬರೆಯುವವರಿಲ್ಲದೆ.